ಬೇಲಿಫ ಜಕ್ಕಪ್ಪನ ಮುಖವಿಲ್ಲದ ಚಾನೆಲ್

ಹುನ್ನೂರಿನ ಜಕ್ಕಪ್ಪ ಜಮಖಂಡಿ ಕೋರ್ಟಿನಲ್ಲಿ ಬೇಲಿಫ. ಕೋರ್ಟಿನ ಸಮನ್ಸು, ನೋಟಿಸುಗಳನ್ನು ಚೀಲದಲ್ಲಿ ಹಾಕಿಕೊಂಡು ಹಳ್ಳಿ ಹಳ್ಳಿ ತಿರುಗಿ, ಯಾರ ಹೆಸರಿಗೆ ಇದೆಯೋ ಅವರ ಕೈಗೇ ಕೊಟ್ಟು, ಸಹಿ ಹಾಕಿಸಿಕೊಂಡು ಬರುವ ನೌಕರಿ. ಕೇಳುವುದಕ್ಕೆ ಸಲೀಸು. ಇಪ್ಪತ್ತೆರಡು ವರ್ಷ ಮಾಡಿ ನೋಡಿ, ಆಮೇಲೆ ಮಾತಾಡಿ. ಅವನು ಊರ ಅಗಸೆ ಬಾಗಿಲು ದಾಟುವ ಮೊದಲೇ ಸುದ್ದಿ ಓಣಿ ದಾಟಿರುತ್ತಿತ್ತು. ಕಟ್ಟೆಯ ಮೇಲೆ ಕೂತ ಗಂಡಸರು ಎದ್ದು ಹಿತ್ತಿಲ ಕಡೆ ಹೋಗುತ್ತಿದ್ದರು. ಅರ್ಧ ಸೇದಿದ ಬೀಡಿ ಕಟ್ಟೆಯ ಮೇಲೆ ಹೊಗೆಯಾಡುತ್ತಿರುವಾಗಲೇ ಹೆಂಡತಿ ಬಾಗಿಲಿಗೆ ಬಂದು, "ಅವರು ಮನ್ಯಾಗಿಲ್ರಿ, ನಿನ್ನೇನ ಊರಿಗೆ ಹೋಗ್ಯಾರ" ಎನ್ನುತ್ತಿದ್ದಳು. ಒಬ್ಬ ಪುಣ್ಯಾತ್ಮನಂತೂ ಜೋಳದ ಕಣಕಿಯ ಬಣವೆಯಲ್ಲಿ ಹೊಕ್ಕು ಕೂತು, ಸೀನು ತಡೆಯಲಾರದೆ ಸಿಕ್ಕಿಬಿದ್ದಿದ್ದ.

ಜಕ್ಕಪ್ಪ ಕೆಟ್ಟವನಲ್ಲ. ಬೀರಪ್ಪನ ಒಕ್ಕಲು, ಡೊಳ್ಳಿನ ಪದ ಹಾಡುತ್ತಿದ್ದ ಅಪ್ಪನ ಮಗ, ನಾಲ್ಕು ಮಂದಿಯ ನಡುವೆ ಕೂತರೆ ನಗಿಸುವ ಮನುಷ್ಯ. ಆದರೆ ನಾಲ್ಕು ಮಂದಿ ಕೂಡಬೇಕಲ್ಲ. ಅವನ ಮುಖ ಕಂಡರೆ ಸಾಕು, ಮನೆಯೊಳಗೆ ಏನೋ ಕೆಟ್ಟದ್ದು ಕಾಲಿಟ್ಟಿತೆಂದು ಲೆಕ್ಕ. ಅವನ ದನಿ ಹೇಗಿದೆ ಎಂದು ತಿಳಿಯುವಷ್ಟು ಹೊತ್ತು ಯಾರೂ ಅವನೆದುರು ನಿಂತದ್ದೇ ಇಲ್ಲ. ಐವತ್ತೆರಡು ತುಂಬಿತ್ತು. ಬಡ್ತಿ ಬೇಕು, ಬದಲಿ ಬೇಕು ಎಂಬ ಆಸೆಗಳೆಲ್ಲ ಯಾವತ್ತೋ ತೀರಿದ್ದವು. ಉಳಿದದ್ದು ಒಂದೇ. ಒಂದು ದಿನ, ಒಂದು ಮನೆಯವರು, ಅವನನ್ನು ಕಂಡು "ಬಂದ್ರ್ಯಾ, ಬರ್ರಿ" ಎಂದು ಮನಸ್ಸಿನಿಂದ ಅನ್ನಬೇಕು. ಹೆಂಡತಿ ಮಾದೇವಿಗೆ ಇದನ್ನು ಹೇಳಿದಾಗ, "ನಮ್ಮ ಮನಿಗೆ ಬರ್ರಿ, ನಾ ಅಂತೀನಿ" ಎಂದಳು. ಜಕ್ಕಪ್ಪ ನಕ್ಕ, ಆದರೆ ಅದು ಅವನ ಆಸೆಗೆ ಉತ್ತರವಾಗಿರಲಿಲ್ಲ.

ಫೋನಿನಲ್ಲಿ ಇಂಟರ್‌ನೆಟ್ ಅಗ್ಗವಾಗಿ, ಕುರಿ ಕಾಯುವವನ ಜೇಬಿನಲ್ಲೂ ಸಿನಿಮಾ ಓಡತೊಡಗಿದ ವರ್ಷ ಅದು. ಕೋರ್ಟಿನ ಎದುರಿಗೆ ಅಮೋಲನ ಅಂಗಡಿ. ಝೆರಾಕ್ಸ್ ಮಾಡುತ್ತಿದ್ದ, ಮದುವೆಗೆ ವಿಡಿಯೊ ತೆಗೆಯುತ್ತಿದ್ದ, ಎಲ್ಲರಿಗೂ ಬುದ್ಧಿ ಹೇಳುತ್ತಿದ್ದ. ಝೆರಾಕ್ಸಿಗೆ ಕಾಯುವಾಗ ಜಕ್ಕಪ್ಪ ಹೇಳುತ್ತಿದ್ದ ಕುರಿಗಾರರ ಕತೆಗಳನ್ನು ಕೇಳಿ ಕೇಳಿ ಅಮೋಲನೇ ಒಂದು ದಿನ ಅಂದ:

"ಕಾಕಾ, ಯೂಟ್ಯೂಬಿನ್ಯಾಗ ಒಂದು ಚಾನೆಲ್ ಮಾಡ್ರಿ. ಇವೆಲ್ಲಾ ಹೇಳ್ರಿ."

"ನನ್ನ ಮಾರಿ ಕಂಡ್ರ ಮಂದಿ ಫೋನ್ ಒಗದು ಓಡ್ತಾರೋ."

"ಮಾರಿ ಯಾಕ ತೋರಸ್ತೀರಿ? ಬರೇ ದನಿ ಇರಲಿ. ಹಂಗ ಮಾಡಾವ್ರು ಭಾಳ ಮಂದಿ ಅದಾರ."

ಆ ಮಾತು ಜಕ್ಕಪ್ಪನಿಗೆ ಎದೆಗೆ ನಾಟಿತು. ಮುಖ ಬಿಟ್ಟು ದನಿಯಷ್ಟೇ ಮನೆಯೊಳಗೆ ಹೋಗಬಹುದು ಎಂಬುದು ಅವನಿಗೆ ಹೊಳೆದೇ ಇರಲಿಲ್ಲ. ನ್ಯಾಯಾಧೀಶ ಸಾಹೇಬರಿಗೆ ಅರ್ಜಿ ಬರೆದು ಅಪ್ಪಣೆ ಕೇಳಿದ. ಕೋರ್ಟಿನ ವಿಷಯ ಎತ್ತಬಾರದು, ದುಡ್ಡಿನ ವ್ಯವಹಾರ ಇರಬಾರದು ಎಂದು ಹೇಳಿ ಅವರು ಸಹಿ ಹಾಕಿದರು.

ದನಿ ಇವನದು, ನೋಡುವುದಕ್ಕೆ ಏನಾದರೂ ಬೇಕಲ್ಲ. ಅವ್ವ ಲಗಮವ್ವ ಪಡಸಾಲೆಯಲ್ಲಿ ಕೂತು ಕಂಬಳಿಗೆ ಉಣ್ಣೆ ನೂಲುತ್ತಿದ್ದಳು. ಎಂಬತ್ತರ ಹತ್ತಿರದ ಕೈಗಳು, ಕದಿರು ತಿರುಗಿದಂತೆ ಕರಿ ಎಳೆ ಬೆಳೆಯುತ್ತಿತ್ತು. ಅದನ್ನೇ ವಿಡಿಯೊ ತೆಗೆಯುವುದೆಂದು ನಿಶ್ಚಯವಾಯಿತು.

"ನನ್ನ ಮಾರಿ ಬರತೈತೇನೋ ಅದರಾಗ?" ಎಂದಳು ಲಗಮವ್ವ.

"ಇಲ್ಲ ಬೇ, ಕೈ ಅಷ್ಟ."

"ಹಂಗಾರ ತಡಿ, ಬೆಳ್ಳಿ ಕಡಗ ಹಾಕ್ಕೊಂಡು ಬರ್ತೀನಿ."

ಇನ್ನು ಜಕ್ಕಪ್ಪ ಮಾಡಿದ ತಪ್ಪುಗಳು. ಹೊಸಬರು ಎಲ್ಲರೂ ತಪ್ಪು ಮಾಡುತ್ತಾರೆ, ಅದರಲ್ಲಿ ಏನೂ ವಿಶೇಷವಿಲ್ಲ. ಆದರೆ ಇವನು ಮಾಡಿದ ಹಾಗೆ ಡೊಳ್ಳಿನ ಪದದವನ ಮಗನಾಗಿ, ಮೇಲೆ ಬೇಲಿಫನಾಗಿ ತಪ್ಪು ಮಾಡಿದವರು ಇನ್ನೊಬ್ಬರು ಸಿಗಲಾರರು.

ಚಾನೆಲ್ಲಿಗೆ ಅವನಿಟ್ಟ ಹೆಸರು 'ಶ್ರೀ ಬೀರೇಶ್ವರ ಪ್ರಸನ್ನ ಜೆ.ಎಲ್. ಹುನ್ನೂರ ಸಕಲ ಮಾಹಿತಿ ಚಾನೆಲ್'. ಫೋನಿನಲ್ಲಿ ಅರ್ಧ ಮಾತ್ರ ಕಾಣುತ್ತಿತ್ತು, ಉಳಿದರ್ಧ ಚುಕ್ಕಿ. ಮೊದಲ ವಿಡಿಯೊ ಹನ್ನೊಂದು ನಿಮಿಷದ್ದು. ಅದರಲ್ಲಿ ಮೊದಲ ಐದು ನಿಮಿಷ ದೇವರ ಸ್ತುತಿ. ಬೀರಪ್ಪನಿಗೆ ಶರಣು, ಮಾಯವ್ವನಿಗೆ ಶರಣು, ಗುರುವಿಗೆ ಶರಣು, ಊರ ಹಿರಿಯರಿಗೆ ಶರಣು, ಡೊಳ್ಳು ಮಾಡಿಕೊಟ್ಟವನಿಗೂ ಶರಣು. ಆಮೇಲೆ ತನ್ನ ಪರಿಚಯ. ಇಪ್ಪತ್ತೆರಡು ವರ್ಷದ ನೌಕರಿ ನಾಲಿಗೆಯ ಮೇಲೆ ಕೂತಿತ್ತು ನೋಡಿ: "ಜಮಖಂಡಿ ತಾಲೂಕು ಹುನ್ನೂರ ಗ್ರಾಮದ ನಿವಾಸಿ, ವಯಸ್ಸು ಐವತ್ತೆರಡು ವರ್ಷ, ಈ ಮೂಲಕ ತಿಳಿಯಪಡಿಸುವುದೇನೆಂದರೆ..." ಕೇಳಿದವರು ತಮ್ಮ ಮೇಲೆ ಯಾರೋ ದಾವೆ ಹಾಕಿದ್ದಾರೆಂದು ತಿಳಿದರೆ ತಪ್ಪು ಅವರದಲ್ಲ. ಕತೆ ಶುರುವಾಗುವ ಹೊತ್ತಿಗೆ ಲಗಮವ್ವನ ಕದಿರು ಅರ್ಧ ತುಂಬಿತ್ತು.

ವಿಡಿಯೊ ಓಡಿದ್ದು ನಲವತ್ತೊಂದು ಸಲ. ಅದರಲ್ಲಿ ಮೂವತ್ತು ಸಲ ನೋಡಿದವನು ಜಕ್ಕಪ್ಪನೇ.

ಜನ ಬಾರದಿದ್ದರೆ ಏನು ಮಾಡಬೇಕೆಂದು ಬೇಲಿಫನಿಗೆ ಹೇಳಿಕೊಡಬೇಕೇ? ಮುಧೋಳದಲ್ಲಿ ನೆಂಟರ ಮದುವೆ ಬಂತು. ಜಕ್ಕಪ್ಪ ಊಟದ ಪಂಕ್ತಿಯ ತುದಿಯಲ್ಲಿ ನಿಂತ. ಕೈ ತೊಳೆದುಕೊಂಡು ಬಂದವರ ಫೋನನ್ನು ಒಂದೊಂದಾಗಿ ಇಸಿದುಕೊಂಡು, ತಾನೇ ಚಾನೆಲ್ ಹುಡುಕಿ, ತಾನೇ ಸಬ್‌ಸ್ಕ್ರೈಬ್ ಗುಂಡಿ ಒತ್ತಿ, "ಆತು, ಹೋಗ್ರಿ" ಎಂದು ವಾಪಸು ಕೊಟ್ಟ. ಸಂಜೆಯ ಹೊತ್ತಿಗೆ ನೂರಾ ಎಂಬತ್ತು ಮಂದಿಗೆ ಚಾನೆಲ್ ಜಾರಿಯಾಗಿತ್ತು. ಆ ನೂರಾ ಎಂಬತ್ತರಲ್ಲಿ ಮರುದಿನ ವಿಡಿಯೊ ನೋಡಿದವರು ಆರು ಮಂದಿ.

ಅಮೋಲ ತಲೆ ಚಚ್ಚಿಕೊಂಡ. "ಕಾಕಾ, ಇದು ಸಮನ್ಸ ಅಲ್ಲ. ಒತ್ತಾಯಕ್ಕ ಸೇರಿಸಿದ ಮಂದಿ ನೋಡಾಂಗಿಲ್ಲ. ಸೇರಿದವರ ನೋಡವಲ್ಲರು ಅಂದ್ರ ಇದರಾಗ ಏನೂ ಸತ್ವ ಇಲ್ಲ ಅಂತ ತಿಳಕೊಂಡು ಯೂಟ್ಯೂಬು ಹೊರಗಿನವರಿಗೂ ತೋರಸಾಂಗಿಲ್ಲ."

"ಹಂಗಾರ ಅವರಿಗೆ ಬೇಕಾದ್ದ ಹಾಕಿದ್ರಾತು" ಎಂದ ಜಕ್ಕಪ್ಪ. ಮುಂದಿನ ಎರಡು ತಿಂಗಳು ಅವನು ಸಮನ್ಸು ಹೊತ್ತು ಹೋದಲ್ಲೆಲ್ಲ ಫೋನೂ ಹೋಯಿತು. ಬನಹಟ್ಟಿಯ ಮಗ್ಗ, ಬೀಳಗಿ ಕಡೆಯ ಹಿನ್ನೀರಿನ ಹಕ್ಕಿ, ರಸ್ತೆಗೆ ಅಡ್ಡ ಬಿದ್ದ ಕಬ್ಬಿನ ಟ್ರ್ಯಾಕ್ಟರು, ಮಾದೇವಿ ತಿರುವುವ ಕಡಲೆಹಿಟ್ಟಿನ ಝುಣಕ, ಎಲ್ಲವೂ ಬಂದವು. ಝುಣಕ ನೋಡಿ ಇಷ್ಟಪಟ್ಟು ಬಂದವನಿಗೆ ಮರುದಿನ ಟ್ರ್ಯಾಕ್ಟರು ಸಿಗುತ್ತಿತ್ತು, ಟ್ರ್ಯಾಕ್ಟರಿನವನಿಗೆ ಹಕ್ಕಿ. ಬಂದವರು ಬಂದ ದಾರಿಯಲ್ಲೇ ಹೋದರು. ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಆದರೆ ಹಿರಿಯರ ಮಾತು ನೆನಪಾಗುವುದು ಯಾವಾಗಲೂ ಹತ್ತು ಕಟ್ಟಿ ಮುಗಿದ ಮೇಲೆಯೇ.

ಹಕ್ಕಿಯ ವಿಡಿಯೊ ಸಪ್ಪೆಯಾಯಿತೆಂದು ಅದರ ಹಿಂದೆ ಒಂದು ಸಿನಿಮಾ ಹಾಡನ್ನು ಹಾಕಿದ್ದ. ಮೂರನೇ ದಿನ ಅವನ ಫೋನಿಗೆ ನೋಟಿಸು ಬಂತು. ಹಾಡು ಅವನದಲ್ಲ, ಹಾಡಿನ ಹಕ್ಕುದಾರರು ಬೇರೆ ಇದ್ದಾರೆ ಎಂದು. ಊರಿಗೆಲ್ಲ ನೋಟಿಸು ಹಂಚಿದವನಿಗೆ ತನ್ನ ಹೆಸರಿನಲ್ಲಿ ಬಂದ ಮೊದಲ ನೋಟಿಸು ಅದು. ಫೋನನ್ನು ಬಂದ್ ಮಾಡಿ, ಹಳೆಯ ಧೋತರದಲ್ಲಿ ಸುತ್ತಿ, ಜೋಳದ ಚೀಲದೊಳಗೆ ಇಟ್ಟ. ಎರಡು ದಿನ ತೆಗೆಯಲಿಲ್ಲ. ಬಾಗಿಲ ಹೊರಗೆ ಮೋಟರ್ ಸೈಕಲ್ ನಿಂತ ಸಪ್ಪಳವಾದರೆ ಊಟದ ತಾಟು ಬಿಟ್ಟು ಏಳುತ್ತಿದ್ದ.

ಎರಡನೆಯ ದಿನ ಮಾದೇವಿ ಜೋಳ ತೆಗೆಯಲು ಹೋದವಳು ಫೋನು ಹಿಡಿದುಕೊಂಡು ಬಂದಳು. ಗಂಡನ ಮುಖ ನೋಡಿದಳು, ನಗು ತಡೆಯಲಿಲ್ಲ.

"ನೀವು ಯಾರ ಮನಿಗೆ ಹೋದ್ರೂ ಅವರು ಹಿಂಗ ಮಾಡ್ತಾರಂತ ಬೈತಿದ್ರಿ."

ಬಣವೆಯಲ್ಲಿ ಕೂತಿದ್ದವನ ನೆನಪಾಗಿ ಜಕ್ಕಪ್ಪನಿಗೆ ನಿಜವಾಗಿ ನಾಚಿಕೆಯಾಯಿತು. ಅಂದು ಆ ಮನುಷ್ಯ ಸೀನಿದಾಗ ಓಣಿಯವರ ಜೊತೆ ತಾನೂ ನಕ್ಕಿದ್ದ. ಅಮೋಲನ ಬಳಿ ಹೋದರೆ ಅವನು ಹಾಡು ತೆಗೆದುಹಾಕಿ ಎರಡು ನಿಮಿಷದಲ್ಲಿ ಕೆಲಸ ಮುಗಿಸಿದ. ನೋಟಿಸೆಂದರೆ ಅಷ್ಟೇ, ಓದಿ ತಿಳಿದುಕೊಂಡರೆ ಅರ್ಧ ಭಯ ಇಲ್ಲ. ಅಂದಿನಿಂದ ಜಕ್ಕಪ್ಪ ಯಾರ ಕೈಗೆ ಕಾಗದ ಕೊಟ್ಟರೂ ಇದು ಏನು, ಯಾವ ತಾರೀಖಿಗೆ ಬರಬೇಕು, ಬಾರದಿದ್ದರೆ ಏನಾಗುತ್ತದೆ ಎಂದು ಎರಡು ಮಾತು ಹೇಳತೊಡಗಿದ. ಅಂದರೆ, ಓಡದೆ ನಿಂತವರಿಗೆ.

ಇದಾದ ಮೇಲೆ ಅಮೋಲ ಅವನನ್ನು ಕೂಡಿಸಿಕೊಂಡು ಫೋನಿನಲ್ಲಿ ಒಂದು ಗೆರೆ ತೋರಿಸಿದ. ಎಡಗಡೆ ಎತ್ತರದಲ್ಲಿ ಶುರುವಾಗಿ, ಬಾವಿಯ ಮೆಟ್ಟಿಲಿನ ಹಾಗೆ ಇಳಿದು ತಳ ಮುಟ್ಟಿತ್ತು.

"ಇದೇನು?"

"ನಿಮ್ಮ ವಿಡಿಯೊ ನೋಡಾಕ ನೂರು ಮಂದಿ ಬಂದಾರ ಅನ್ಕೋರಿ. ಬೀರಪ್ಪಗ ಶರಣು ಅನ್ನೂದರಾಗ ಅರವತ್ತು ಮಂದಿ ಎದ್ದು ಹೋಗ್ಯಾರ. ಡೊಳ್ಳು ಮಾಡಿದಾವಗ ಶರಣು ಅಂದಾಗ ಹತ್ತು ಉಳದಾರ. ಕತಿ ಕೇಳಾಕ ಇದ್ದಾವ್ರು ನಾಕ ಮಂದಿ."

"ದೇವರ ಹೆಸರು ಹೇಳದ ಕತಿ ಸುರು ಮಾಡ್ಲೇನು? ನಮ್ಮಪ್ಪ ಎಂದೂ ಹಂಗ ಮಾಡಿದಾಂವ ಅಲ್ಲ."

ಇದು ಅವನಿಗೆ ಗಂಟಲಲ್ಲಿ ಸಿಕ್ಕ ಮುಳ್ಳಾಯಿತು. ಉಳಿದ ತಪ್ಪುಗಳನ್ನೆಲ್ಲ ನಗುತ್ತಲೇ ಬಿಟ್ಟಿದ್ದ. ಆದರೆ ಸ್ತುತಿ ಬಿಡುವುದೆಂದರೆ ಬೀರಪ್ಪನನ್ನೇ ಹೊಸ್ತಿಲ ಹೊರಗೆ ನಿಲ್ಲಿಸಿದ ಹಾಗೆ. ಒಂದು ವಾರ ಏನೂ ಹಾಕಲಿಲ್ಲ. ಕೊನೆಗೆ ಅವ್ವನ ಮುಂದೆ ಹೇಳಿಕೊಂಡ. ಲಗಮವ್ವ ನೂಲುವುದನ್ನು ನಿಲ್ಲಿಸದೆ ಕೇಳಿದಳು.

"ನಿಮ್ಮಪ್ಪ ಯಾವಾಗ್ಲೂ ಸ್ತುತಿ ಹಾಡೇ ಸುರು ಮಾಡ್ತಿದ್ದ ಅಂತ ಯಾರ ಹೇಳಿದ್ರು ನಿನಗ? ಎದುರು ಮೇಳದಾವ್ರು ಗಟ್ಟಿ ಇದ್ದು, ಮಂದಿ ಅವರ ಕಡೆ ವಾಲಾಕತ್ತಿದ್ರ, ಡೊಳ್ಳಿಗೆ ಹಣಿ ಹಚ್ಚಿ ಮನಸಿನ್ಯಾಗ ಬೀರಪ್ಪನ್ನ ನೆನಿತಿದ್ದ. ಎದ್ದಾಂವನ ಒಂದು ಪ್ರಶ್ನೆ ಇಡ್ತಿದ್ದ. ಉತ್ತರ ಸಿಗೂ ತನಕ ಒಬ್ಬ ಮನಿಷ್ಯಾ ಎದ್ದು ಹೋಗ್ತಿರಲಿಲ್ಲ."

"ಖರೆ ಏನ ಬೇ?"

"ನಾ ಮುಂದ ಕುಂತು ಕೇಳಿದಾಕಿ. ದೇವರಿಗೆ ಕಿವಿ ಭಾಳ ಸೂಕ್ಷ್ಮ ಅದಾವೋ, ಒದರೂದು ಬ್ಯಾಡ."

ಮರುದಿನ ಜಕ್ಕಪ್ಪ ಫೋನಿನ ಕೆಂಪು ಗುಂಡಿ ಒತ್ತುವ ಮೊದಲು ಕಣ್ಣು ಮುಚ್ಚಿ, ಪೂರಾ ಸ್ತುತಿಯನ್ನು, ಡೊಳ್ಳು ಮಾಡಿದವನ ಹೆಸರು ಸಮೇತ, ಹೇಳಿ ಮುಗಿಸಿದ. ಆಮೇಲೆ ಗುಂಡಿ ಒತ್ತಿ ನೇರವಾಗಿ ಕೇಳಿದ: "ಹಿಂಡಿನ್ಯಾಗ ತ್ವಾಳ ಹೊಕ್ಕರ ನಾಯಿ ಮೊದಲ ಯಾರ ಕಡೆ ಓಡತೈತಿ? ತ್ವಾಳದ ಕಡೆನೋ, ಮಲಗಿದ ಕುರಬನ ಕಡೆನೋ?" ಒಂದೇ ಕತೆ, ಆರು ನಿಮಿಷ, ಅವ್ವನ ಕೈ, ತಿರುಗುವ ಕದಿರು. ಚಾನೆಲ್ಲಿನ ಹೆಸರನ್ನು ಅಮೋಲ ಕತ್ತರಿಸಿ 'ಕಂಬಳಿ ಕತಿ' ಎಂದು ಮಾಡಿದ. ಝುಣಕ, ಟ್ರ್ಯಾಕ್ಟರು ಎಲ್ಲ ಹೋದವು. ಇನ್ನು ಮುಂದೆ ಪ್ರತಿ ಸೋಮವಾರ ಕುರಿಗಾರರ ಕತೆ ಮಾತ್ರ ಎಂದು ನಿಶ್ಚಯವಾಯಿತು.

ನಾಯಿಯ ಕತೆಯನ್ನು ಎರಡು ಸಾವಿರ ಮಂದಿ ನೋಡಿದರು. ನಾಲ್ಕನೆಯ ತಿಂಗಳಿಗೆ ಒಂದೊಂದು ಕತೆಗೆ ಹತ್ತು ಸಾವಿರ. ಆದರೆ ಜಕ್ಕಪ್ಪ ಅಂಕಿ ನೋಡುವುದನ್ನು ಬಿಟ್ಟಿದ್ದ. ಅವನು ನೋಡುತ್ತಿದ್ದದ್ದು ಕೆಳಗೆ ಜನ ಬರೆದ ಮಾತು. "ಕಾಕಾ, ಮುಂದಿಂದು ಯಾವಾಗ್ರಿ?" "ನಮ್ಮ ಮುತ್ಯಾ ನಿಮ್ಮ ದನಿ ಕೇಳದ ಊಟಾ ಮಾಡವಲ್ಲ." "ಒಮ್ಮೆ ನಮ್ಮ ಊರಿಗೆ ಬರ್ರಿ ಕಾಕಾ, ಹೋಳಿಗಿ ಮಾಡಸ್ತೇವಿ." ಈ ಕೊನೆಯದನ್ನು ಬರೆದವನ ಹೆಸರು ನೋಡಿ ಜಕ್ಕಪ್ಪ ಬೆಚ್ಚಿದ. ಹೋದ ವರ್ಷವಷ್ಟೇ ತನ್ನನ್ನು ಕಂಡು ಕಬ್ಬಿನ ಗದ್ದೆಗೆ ಹಾರಿ ಓಡಿದ ಆಸಾಮಿ ಅವನು.

"ಈಗರ ಮಾರಿ ತೋರಸ್ರಿ" ಎಂದಳು ಮಾದೇವಿ.

"ಬ್ಯಾಡ. ಹೋಳಿಗಿ ಕರೆದದ್ದು ದನಿಗೆ. ಮಾರಿ ಕಂಡ್ರ ಕೆಟ್ಟೀತು."

ಅವನು ಸುಖವಾಗಿದ್ದ, ಆದರೆ ಒಂದು ಭಯದ ಜೊತೆ ಸುಖವಾಗಿದ್ದ. ಕತೆಯ ಕಾಕಾನೂ ಕೋರ್ಟಿನ ಬೇಲಿಫನೂ ಒಬ್ಬನೇ ಎಂದು ಗೊತ್ತಾದ ದಿನ, ತೆರೆದ ಬಾಗಿಲುಗಳೆಲ್ಲ ಮುಚ್ಚುತ್ತವೆ ಎಂದು. ಹಾಗಾಗಿ ನೌಕರಿಯ ಮೇಲೆ ಹೋದಾಗ ಮೊದಲಿಗಿಂತಲೂ ಕಡಿಮೆ ಮಾತಾಡುತ್ತಿದ್ದ. ಹೇಳಬೇಕಾದ ಎರಡು ಮಾತನ್ನು ಪಿಸುದನಿಯಲ್ಲಿ ಹೇಳಿ ಬರುತ್ತಿದ್ದ.

ಆ ಬೇಸಿಗೆಯಲ್ಲಿ ಸಾವಳಗಿಯ ಗಿರಿಮಲ್ಲಪ್ಪನ ಹೆಸರಿಗೆ ಸಮನ್ಸು ಇತ್ತು. ಅಣ್ಣತಮ್ಮಂದಿರ ಪಾಲಿನ ದಾವೆ, ಹಾಕಿದವನು ತಮ್ಮ. ಜಕ್ಕಪ್ಪ ಎರಡು ಸಲ ಹೋಗಿದ್ದ. ಎರಡೂ ಸಲ ಗಿರಿಮಲ್ಲಪ್ಪನ ತಾಯಿ ಅನಸವ್ವ ಬಾಗಿಲನ್ನು ಒಂದು ಗೇಣು ತೆರೆದು, "ಇಲ್ರಿ" ಎಂದು ಮುಚ್ಚಿದ್ದಳು. ಮೂರನೆಯ ಸಲ ಹೋದಾಗ ಬಾಗಿಲು ಅರೆ ಮುಚ್ಚಿತ್ತು. ಒಳಗಿನಿಂದ ಗಂಡಸಿನ ದನಿ ಕೇಳಿಸಿತು. ಇದ್ದಾನೆ ಎಂದುಕೊಂಡು ಜಕ್ಕಪ್ಪ ಬಾಗಿಲಿಗೆ ಕೈ ಹಚ್ಚಿದವನು ಹಾಗೇ ನಿಂತ. ದನಿ ಅವನದೇ.

"ಮುಂಜಾನೆ ನೂರು ಕುರಿ ಎಣಿಸಿ ಹೊಡಕೊಂಡು ಹೋದಾಂವ, ಸಂಜಿಗೆ ಹಟ್ಟಿಗೆ ಬಂದು ಎಣಸ್ತಾನ, ನೂರಾ ಒಂದು ಅದಾವ. ಹೆಚ್ಚಿಗಿ ಬಂದ ಆ ಒಂದು ಕುರಿ ಯಾರದು? ಬರೂ ಸೋಮವಾರ ಹೇಳ್ತೀನಿ."

ಯಾರೋ ಒಳಗೆ "ಅಯ್ಯ, ಇಲ್ಲೇ ನಿಲ್ಲಿಸ್ಯಾನ ನೋಡವ್ವ" ಎಂದು ಗೊಣಗಿದರು. ಇನ್ನೊಬ್ಬರು ನಕ್ಕರು.

ಜಕ್ಕಪ್ಪನ ಚೀಲದಲ್ಲಿ ಅಂಟು ಇತ್ತು. ಮೂರು ಸಲ ಸಿಗದವನ ಬಾಗಿಲಿಗೆ, ಇಬ್ಬರು ಪಂಚರನ್ನು ನಿಲ್ಲಿಸಿಕೊಂಡು, ಕಾಗದ ಅಂಟಿಸಿ ಹೋಗಬಹುದು. ಹೆಚ್ಚು ಬಾಯಿ ಬಿಡುವ ಕೆಲಸವಿಲ್ಲ. ಈ ಮನೆಯೊಳಗೆ ಅವನು ದನಿಯಾಗಿ ಆಗಲೇ ಕೂತಿದ್ದಾನೆ, ಅವರ ನಡುವೆ, ಅವರು ನಗುತ್ತಿದ್ದಾರೆ. ಬಾಯಿ ಬಿಟ್ಟರೆ ಒಳಗಿನವನನ್ನೂ ಹೊರಗೆ ಹಾಕುತ್ತಾರೆ. ಆದರೆ ಅಂಟಿಸಿದ ಕಾಗದವನ್ನು ಇವರು ಓದುವುದಿಲ್ಲ, ಹರಿದು ಒಲೆಗೆ ಹಾಕುತ್ತಾರೆ, ತಾರೀಖು ತಪ್ಪಿಸುತ್ತಾರೆ. ಇವರ ಮಾತು ಕೇಳದೆಯೇ ಹೊಲ ಮನೆಯ ತೀರ್ಪಾಗುತ್ತದೆ. ಹಾಗಾದ ಎಷ್ಟೋ ಮನೆಗಳನ್ನು ಅವನು ನೋಡಿದ್ದ. ತನ್ನ ಕತೆ ಕೇಳುವ ಮನೆಗೆ ಹಾಗಾಗುವುದು ಅವನಿಗೆ ಬೇಡವಾಗಿತ್ತು.

ಗಂಟಲು ಸರಿಮಾಡಿಕೊಂಡು ಪೂರಾ ದನಿಯಲ್ಲಿ ಕರೆದ. "ಮನ್ಯಾಗ ಯಾರದೀರಿ? ಕೋರ್ಟಿನಿಂದ ಬಂದೀನ್ರಿ. ಹೆದರಬ್ಯಾಡ್ರಿ, ಏನೈತಿ ಅಂತ ನಾನ ತಿಳಿಸಿ ಹೇಳ್ತೀನಿ."

ಒಳಗೆ ಸದ್ದಡಗಿತು. ಯಾರೋ ಅಟ್ಟದ ಏಣಿ ಹತ್ತಿದ ಸಪ್ಪಳ. ಅನಸವ್ವ ಫೋನು ಕೈಯಲ್ಲಿ ಹಿಡಿದೇ ಬಾಗಿಲಿಗೆ ಬಂದಳು. ಅವನ ಮುಖ ನೋಡಿದಳು. ಫೋನು ನೋಡಿದಳು.

"ಇನ್ನೊಮ್ಮೆ ಅನ್ರಿ."

"ಹೆದರಬ್ಯಾಡ್ರಿ ಅಂದೆ."

"ಇದು ನೀವ ಏನು?"

"ಹೌದ್ರಿ ಯವ್ವಾ."

ಜಕ್ಕಪ್ಪ ಬಾಗಿಲು ಮುಚ್ಚುವುದನ್ನೇ ಕಾಯುತ್ತಿದ್ದ. ಅನಸವ್ವ ಸಣ್ಣ ದನಿಯಲ್ಲಿ, "ಎರಡ ಸಲ ಬಂದಿದ್ರಿ. ಸುಳ್ಳ ಹೇಳಿ ಬಿಸಲಾಗ ಕಳಿಸಿದೆ" ಎಂದಳು. ಒಳಗೆ ತಿರುಗಿ ಅಟ್ಟದ ಕಡೆ ಕೂಗಿದಳು: "ಗಿರಿಮಲ್ಲಾ, ಇಳದು ಬಾರೋ. ಕಂಬಳಿ ಕತಿ ಕಾಕಾ ಬಂದಾರ. ಒಳಗ ಬರ್ರಿ ನೀವು."

"ಕಾಗದ ತಂದೀನ್ರಿ ಯವ್ವಾ. ಅದನ್ನ ಮೊದಲ ಹೇಳಬೇಕು."

"ಕಾಗದ ಎಲ್ಲಿ ಹೋಗತೈತಿ? ಆ ಕುರಿ ಯಾರದು, ಅದನ್ನ ಹೇಳ್ರಿ."

ಕಂಬಳಿ ಹಾಸಿದರು. ಸೊಸೆ ನೀರು ತಂದಳು. ಗಿರಿಮಲ್ಲಪ್ಪ ಮೈಮೇಲಿನ ಜೇಡರ ಬಲೆ ಒರೆಸಿಕೊಳ್ಳುತ್ತ ಬಂದು ದೂರ ಕೂತ. ಆಗ ಜಕ್ಕಪ್ಪನಿಗೆ ಇನ್ನೊಂದು ಪೇಚಾಟ. ಕತೆಯ ಉತ್ತರ ಅವನಿಗೆ ಗೊತ್ತು, ಆದರೆ ಅದನ್ನು ಈ ಮನೆಯಲ್ಲಿ ಹೇಳಬೇಕಾಗುತ್ತದೆಂದು ಗೊತ್ತಿರಲಿಲ್ಲ. ಚುಚ್ಚಿ ಆಡಿದ ಎಂದುಕೊಂಡಾರು. ಆದರೆ ಕೇಳಿದ ಪ್ರಶ್ನೆಗೆ ಉತ್ತರ ಕೊಡದಿದ್ದರೆ ಅವನು ಅಪ್ಪನ ಮಗನೇ ಅಲ್ಲ.

"ಆ ಕುರಿ ಅವನ ತಮ್ಮಂದು. ಹೋದ ವರ್ಷ ಪಾಲ ಆಗಿ ಅರ್ಧ ಹಿಂಡು ತಮ್ಮನ ಹಟ್ಟಿಗೆ ಹೋಗಿತ್ತು. ಅದರಾಗಿಂದ ಒಂದು, ಎರಡು ಹಿಂಡು ಕೂಡಿದಲ್ಲಿ ಇತ್ತಾಗ ಹೊಳ್ಳಿ ಬಂತು. ಪಾಲ ಆದದ್ದು ಮನಿಷ್ಯಾರಿಗೆ. ಹುಟ್ಟಿದ ಹಟ್ಟಿ ಬ್ಯಾರೆ ಆತು ಅಂತ ಕುರಿಗೆ ಯಾರ ಹೇಳ್ಯಾರ?"

ಅನಸವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ಗಿರಿಮಲ್ಲಪ್ಪ ನೆಲ ನೋಡುತ್ತ ಕೇಳಿದ, "ಅಣ್ಣಾದಾಂವ ಆ ಕುರಿ ಏನ ಮಾಡಿದನ್ರಿ?"

"ಮರುದಿನ ಹೊಡಕೊಂಡು ಹೋಗಿ ತಮ್ಮನ ಹಟ್ಟಿಗೆ ಬಿಟ್ಟ. ಬಿಟ್ಟು ಬರಾಕ ಹೋದಾಂವ ಉಂಡ ಬಂದ."

ಜಕ್ಕಪ್ಪ ಸಮನ್ಸು ತೆಗೆದು ಒಂದೊಂದೇ ಸಾಲು ಓದಿ, ತಾರೀಖು ಹೇಳಿ, ವಕೀಲರನ್ನು ಕಾಣಿ ಎಂದು ಹೇಳಿದ. ಗಿರಿಮಲ್ಲಪ್ಪ ಪೆನ್ನು ಇಸಿದುಕೊಂಡು ಸಹಿ ಹಾಕಿದ. ದಾವೆ ಏನಾಯಿತು, ಅಣ್ಣತಮ್ಮ ಕೂಡಿದರೇ ಎಂದು ನನ್ನನ್ನು ಕೇಳಬೇಡಿ. ಕೋರ್ಟಿನ ವಿಷಯ ಎತ್ತುವುದಿಲ್ಲ ಎಂದು ಜಕ್ಕಪ್ಪ ಬರೆದುಕೊಟ್ಟಿದ್ದಾನೆ, ನನಗೂ ಹೇಳಲಿಲ್ಲ.

ಸೊಸೆ ರೊಟ್ಟಿ ಬಡಿದಳು. ಉಂಡು ಎದ್ದಾಗ ಬಿಸಿಲು ಇಳಿದಿತ್ತು. ಬಸ್ ಸ್ಟ್ಯಾಂಡಿನವರೆಗೆ ಗಿರಿಮಲ್ಲಪ್ಪ ಅವನ ಚೀಲವನ್ನು ತಾನೇ ಹಿಡಿದುಕೊಂಡು ಬಂದ. ಚೀಲದೊಳಗೆ ಇನ್ನೂ ಏಳು ಮನೆಗಳ ನೋಟಿಸು ಇದ್ದವು. ಕಟ್ಟೆಯ ಮೇಲಿದ್ದವರು ಬೇಲಿಫನನ್ನು ಕಂಡು ಏಳಲು ಹೊರಟವರು, ಅವನ ಚೀಲ ಗಿರಿಮಲ್ಲಪ್ಪನ ಹೆಗಲ ಮೇಲಿರುವುದನ್ನು ನೋಡಿ ಹಾಗೇ ಕೂತರು. ಜಮಖಂಡಿ ಬಸ್ಸು ಬಂತು. ಗಿರಿಮಲ್ಲಪ್ಪ ಚೀಲವನ್ನು ಕಿಟಕಿಯೊಳಗೆ ಕೊಟ್ಟು, ಕೈಯನ್ನು ಅಲ್ಲೇ ಇಟ್ಟು ಹೇಳಿದ:

"ಬರ್ತಾ ಇರ್ರಿ ಕಾಕಾ. ಕಾಗದ ಇದ್ರೂ ಬರ್ರಿ, ಇರದಿದ್ರೂ ಬರ್ರಿ."